ಒಂದೂವರೆ ಸೇರು ಪಾದಚಾರಿಗಳು

ನಮ್ಮ ಅಡುಗೆಮನೆಯಲ್ಲಿ ರವೆ ಪೊಟ್ಟಣದ ಕುತ್ತಿಗೆ ಹಿಡಿದುಕೊಂಡು ಕೂತಿರುವ ಒಂದು ಉಕ್ಕಿನ ಪಟ್ಟಿಯಿದೆ. ಆಕಾರ ಬಳೆಯದು, ಆದರೆ ಒಂದು ಕಡೆ ಬಾಯಿ ಬಿಟ್ಟಿದೆ. ಮೊನ್ನೆ ಬಂದಿದ್ದ ನೆಂಟರ ಹುಡುಗಿಯೊಬ್ಬಳು ಅದನ್ನು ಕಿತ್ತು ಮುಂಗೈಗೆ ಹಾಕಿಕೊಂಡು, "ಅಂಕಲ್, ಸಕತ್ತಾಗಿದೆ ಇದು, ಎಲ್ಲಿ ಸಿಗುತ್ತೆ?" ಎಂದಳು. ರವೆ ನೆಲದ ಪಾಲಾಯಿತು. ನನ್ನ ಹೆಂಡತಿ ಶಾರದಾ ಪೊರಕೆ ಹುಡುಕುತ್ತ, "ಅದು ಕೈಗೆ ಹಾಕ್ಕೊಳ್ಳೋದಲ್ಲವ್ವಾ, ನಿಮ್ಮ ಅಂಕಲ್ ಕಾಲಿಗೆ ಹಾಕ್ಕೊಂತಿದ್ದದ್ದು" ಎಂದಳು. ಹುಡುಗಿ ತಟ್ಟನೆ ಅದನ್ನು ಕಳಚಿಟ್ಟು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದಳು.

ಅವಳನ್ನು ಅಂದು ಪ್ರಯೋಜನವಿಲ್ಲ. ಸೈಕಲ್ ತುಳಿಯುವಾಗ ಪ್ಯಾಂಟಿನ ತುದಿ ಚೈನಿಗೆ ಸಿಕ್ಕಿಕೊಳ್ಳದ ಹಾಗೆ ಬಲಗಾಲಿನ ಹರಡಿನ ಮೇಲೆ ತೊಡುತ್ತಿದ್ದ ಕ್ಲಿಪ್ಪು ಅದು. ಎಪ್ಪತ್ತರ ದಶಕದ ಕೊನೆಯ ಪ್ಯಾಂಟುಗಳನ್ನು ನೀವು ಕಂಡವರಾದರೆ ಅದರ ಮಹತ್ವ ವಿವರಿಸಬೇಕಾಗಿಲ್ಲ. ಮೊಣಕಾಲಿನವರೆಗೆ ಉಸಿರುಗಟ್ಟುವಷ್ಟು ಬಿಗಿ, ಅಲ್ಲಿಂದ ಕೆಳಕ್ಕೆ ಲಂಗ. ಅಂಥದ್ದೊಂದನ್ನು ಹೊಲಿಸಿಕೊಂಡು ಮೊದಲ ದಿನ ಆಫೀಸಿಗೆ ಹೊರಟವನು ಮೇಖ್ರಿ ಸರ್ಕಲ್ಲಿನ ಹತ್ತಿರ ಚೈನಿಗೆ ಸಿಕ್ಕಿ ಬಿದ್ದೆ. ಒಂದು ಗೇಣು ಬಟ್ಟೆಯನ್ನು ಅಲ್ಲಿಯೇ ಬಿಟ್ಟು, ಎಡಗಾಲಿಗೆ ಪ್ಯಾಂಟು, ಬಲಗಾಲಿಗೆ ಮುಕ್ಕಾಲು ಪ್ಯಾಂಟು ತೊಟ್ಟವನಾಗಿ ಆಫೀಸು ಸೇರಿದೆ. ಆ ಸಂಜೆಯೇ ದಸ್ತಗೀರ್ ಸಾಬರು ಈ ಕ್ಲಿಪ್ಪನ್ನು ನನ್ನ ಕಾಲಿಗೆ ತೊಡಿಸಿ, "ಗೆಜ್ಜೆ ಕಟ್ದಂಗಾಯ್ತು ಹಿರೇಮಠ್ ಸಾಬ್, ಇನ್ನು ಡ್ಯಾನ್ಸ್ ಮಾಡ್ಕೊಂಡು ಹೋಗಿ" ಎಂದರು.

ದಸ್ತಗೀರ್ ಸಾಬರು ನಮ್ಮ ವಠಾರದಲ್ಲಿ ಪಕ್ಕದ ಮನೆಯವರು. ಆರ್.ಟಿ. ನಗರದ ಹಿಂಬದಿಯಿಂದ ಬಳ್ಳಾರಿ ರಸ್ತೆಗೆ ಸೇರುವ ತಿರುವಿನಲ್ಲಿ ಅವರ ಸೈಕಲ್ ಷಾಪು. ಷಾಪು ಎಂದರೆ ಒಂದು ಹೊಂಗೆ ಮರ, ಅದರ ಕೊಂಬೆಗೆ ನೇತುಹಾಕಿದ ಹಳೆ ಟೈರುಗಳು, ಒಂದು ಪಂಪು, ಪಂಕ್ಚರ್ ಹುಡುಕಲು ನೀರು ತುಂಬಿದ ಬಾಣಲೆ. ಹೆಂಡತಿ ಮೆಹರುನ್ನೀಸಾ, ಒಬ್ಬಳೇ ಮಗಳು ಶಮೀಮ್. ಮನೆಯೊಳಗೆ ದಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಗದಗಿನವನು. ನನ್ನ ಮಾತು ಕೇಳಿ ವಠಾರದವರು ನಕ್ಕಾಗಲೆಲ್ಲ ಅವರು ನನ್ನ ಪರ ನಿಲ್ಲುತ್ತಿದ್ದರು. "ನಮ್ ಥರಾನೇ ಬಿಡಿ ನೀವೂ. ಮನೇಲೊಂದು ಭಾಷೆ, ಬೀದೀಲೊಂದು" ಎನ್ನುತ್ತಿದ್ದರು.

ಸೈಕಲ್ ವಿಷಯದಲ್ಲಿ ನನ್ನ ಚರಿತ್ರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಗದಗಿನಲ್ಲಿ ತಾಸಿನ ಬಾಡಿಗೆಗೆ ತಂದ ದೊಡ್ಡ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆ, ಸೈಕಲ್ಲು ಇನ್ನೊಂದು ಕಡೆ ವಾಲಿಸಿಕೊಂಡು ಕಲಿತವನು. ಹತ್ತಿ ಹೊರಡುವುದನ್ನು ಮೊದಲ ದಿನವೇ ಕಲಿತೆ, ನಿಲ್ಲಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಡಿಯ ಮುಂದೆ ಮೂರು ಸುತ್ತು ಹೊಡೆದು, ಕೊನೆಗೆ ದಾರಿಯಲ್ಲಿ ಮಲಗಿದ್ದ ಎಮ್ಮೆಗೆ ಗುದ್ದಿ ನಿಲ್ಲಿಸಿದೆ. ಎಮ್ಮೆ ಮೆಲುಕು ಹಾಕುವುದನ್ನು ಸಹ ನಿಲ್ಲಿಸಲಿಲ್ಲ. ಬಳ್ಳಾರಿ ರಸ್ತೆಯ ಲಾರಿಗಳಿಗೆ ಆ ಎಮ್ಮೆಯ ಸಂಯಮ ಇರಲಿಲ್ಲ.

ಆಗ ಬಳ್ಳಾರಿ ರಸ್ತೆ ಈಗಿನಷ್ಟು ಅಗಲವಿರಲಿಲ್ಲ. ಹೆಬ್ಬಾಳದಲ್ಲಿ ಫ್ಲೈಓವರ್ ಇರಲಿಲ್ಲ, ಕೆರೆ ಇತ್ತು. ಜನವರಿಯ ಬೆಳಿಗ್ಗೆ ಕೆರೆಯ ಮಂಜು ರಸ್ತೆಗೆ ಬಂದು, ಎದುರಿನಿಂದ ಬರುವವರ ಮುಖಕ್ಕಿಂತ ಮೊದಲು ಅವರ ಕೆಮ್ಮು ಕೇಳಿಸುತ್ತಿತ್ತು. ಡಾಂಬರಿನ ಅಂಚಿಗೂ ಸಾಲುಮರಗಳಿಗೂ ನಡುವೆ ನಾಲ್ಕಾರು ಮೊಳದ ಮಣ್ಣಿನ ಪಟ್ಟಿಯೊಂದಿತ್ತು. ಲಾರಿಗಳಿಗೆ ಡಾಂಬರು, ನಮಗೆ ಮಣ್ಣು. ಯಾರೂ ಬರೆದಿಡದ ಒಪ್ಪಂದ. ಹಾಲಿನ ಕ್ಯಾನು ತೂಗುಹಾಕಿಕೊಂಡ ಸೈಕಲ್ಲುಗಳು, ಗಾರೆ ಕೆಲಸದ ಹೆಂಗಸರು, ಪಶುವೈದ್ಯ ಕಾಲೇಜಿನ ನೌಕರರು, ಹೆಬ್ಬಾಳದ ಹೈಸ್ಕೂಲಿಗೆ ಎರಡು ಜಡೆ ಬೀಸಿಕೊಂಡು ಹೋಗುವ ಹುಡುಗಿಯರು, ಎಲ್ಲರೂ ಆ ಪಟ್ಟಿಯ ಪ್ರಜೆಗಳು. ಶಮೀಮ್ ಕೂಡ ಅದರಲ್ಲೇ ನಡೆದು ಒಂಬತ್ತನೆಯ ತರಗತಿಯವರೆಗೆ ಬಂದಿದ್ದಳು. ಎದುರು ದಿಕ್ಕಿನಿಂದ ಮುನಿಯಮ್ಮ ಬರುತ್ತಿದ್ದಳು. ಕೋಗಿಲಿನವಳು. ಮೊದಲ ಬಸ್ಸಿಗೆ ಹೆಬ್ಬಾಳದಲ್ಲಿ ಇಳಿದು, ಅಲ್ಲಿಂದ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ವಠಾರಕ್ಕೆ ತರಕಾರಿ ತರುತ್ತಿದ್ದಳು. ಅವರೆಕಾಯಿ ಕಾಲದಲ್ಲಿ ಅವಳು ಬರುವ ಸುದ್ದಿ ಮೂಗಿಗೇ ಮೊದಲು ಮುಟ್ಟುತ್ತಿತ್ತು.

ನನ್ನ ಕೆಲಸ ಏನು ಎಂದು ಹೇಳಲಿಲ್ಲ, ಅಲ್ಲವೇ? ರಸ್ತೆಗಳ ನಕ್ಷೆ ತಯಾರಿಸುವ ಒಂದು ಕಚೇರಿಯಲ್ಲಿ ನಾನು ಟ್ರೇಸರ್. ಇಂಜಿನಿಯರ್ ಸಾಹೇಬರು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ಮೇಣದಂಥ ನುಣುಪಿನ ಟ್ರೇಸಿಂಗ್ ಬಟ್ಟೆ ಹಾಸಿ, ಕಂಡ ಗೆರೆಯನ್ನೆಲ್ಲ ಕಪ್ಪು ಮಸಿಯಲ್ಲಿ ಮತ್ತೆ ಎಳೆಯುವವನು. ಯೋಚನೆ ಅವರದು, ಗೆರೆ ನನ್ನದು. ಈ ವಿಭಜನೆ ನನಗೆ ಬಹಳ ಅನುಕೂಲವಾಗಿತ್ತು. ಆ ಬಟ್ಟೆಯ ಬಗ್ಗೆ ಒಂದು ಗುಟ್ಟು ಹೇಳುತ್ತೇನೆ. ರದ್ದಾದ ನಕ್ಷೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಚೆನ್ನಾಗಿ ಉಜ್ಜಿದರೆ ಗಂಜಿಯೆಲ್ಲ ಬಿಟ್ಟು ಒಳಗಿನಿಂದ ಬೆಣ್ಣೆಯಂಥ ಹತ್ತಿಬಟ್ಟೆ ಹೊರಬರುತ್ತಿತ್ತು. ನಮ್ಮ ಕಚೇರಿಯ ಟ್ರೇಸರುಗಳ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಒಂದಲ್ಲ ಒಂದು ರಸ್ತೆಯನ್ನು ತೊಟ್ಟುಕೊಂಡೇ ಬೆಳೆದವು. ನಮ್ಮ ಮನೆಯ ಸಂತೆಚೀಲ ಹಿಂದೊಮ್ಮೆ ಯಶವಂತಪುರದ ಚರಂಡಿ ಯೋಜನೆಯಾಗಿತ್ತು.

ಒಂದು ದಿನ ನನ್ನ ಹಲಗೆಗೆ ಬಂದದ್ದು ಬಳ್ಳಾರಿ ರಸ್ತೆಯ ಅಗಲೀಕರಣದ ಹಾಳೆ. ನನ್ನದೇ ರಸ್ತೆ ಎಂದು ಖುಷಿಯಿಂದ, ನಾಲಿಗೆಯ ತುದಿ ಕಚ್ಚಿಕೊಂಡು, ಡಾಂಬರಿನ ಹೊಸ ಅಂಚನ್ನು ಒಂದೇ ಉಸಿರಿನಲ್ಲಿ ಎಳೆದೆ. ಎಳೆದು ಮುಗಿಸಿ ಪೆನ್ನು ಎತ್ತಿದ ಮೇಲೆ ನೋಡುತ್ತೇನೆ, ಗೆರೆ ಸೀದಾ ಸಾಲುಮರಗಳ ಬುಡಕ್ಕೆ ಹೋಗಿ ನಿಂತಿದೆ. ನಡುವಿನ ಮಣ್ಣಿನ ಪಟ್ಟಿ ಇಲ್ಲ. ಪೂರಾ ಡಾಂಬರು.

ಆ ಸಂಜೆ ಷಾಪಿನ ಮುಂದೆ ಸೈಕಲ್ಲಿಗೆ ಗಾಳಿ ಹೊಡೆಸಿಕೊಳ್ಳುತ್ತ ವಿಷಯ ಹೇಳಿದೆ. ದಸ್ತಗೀರ್ ಸಾಬರು ಪಂಪು ನಿಲ್ಲಿಸಿದರು. ಮರಕ್ಕೆ ಒರಗಿಸಿದ್ದ ಚಕ್ರವೊಂದನ್ನು ತೋರಿಸಿದರು. ಆ ವಾರವೇ ಲಾರಿಯೊಂದು ಸವರಿಕೊಂಡು ಹೋಗಿದ್ದ ಸೈಕಲ್ಲಿನದು. ಸವಾರ ಹೇಗೋ ಉಳಿದಿದ್ದ, ಚಕ್ರ ಮಾತ್ರ ಹಪ್ಪಳದ ಹಾಗೆ ನುಲಿದುಕೊಂಡಿತ್ತು.

"ಇದನ್ನ ನಾನು ನೆಟ್ಟಗೆ ಮಾಡ್ತೀನಿ ಸಾಬ್. ಕಡ್ಡಿ ಟೈಟ್ ಮಾಡಿ, ತಿರುಗ್ಸಿ, ಮತ್ತೆ ಟೈಟ್ ಮಾಡಿದ್ರೆ ಆಯ್ತು" ಎಂದರು. "ಮಗಳು ಹಿಂಗಾದ್ರೆ ನೆಟ್ಟಗೆ ಮಾಡಕ್ಕೆ ನನ್ ಹತ್ರ ಯಾವ ಪಾನಾ ಇದೆ, ಹೇಳಿ? ಆ ಮಣ್ಣಿನ ದಾರಿ ಹೋಯ್ತು ಅಂದ್ರೆ ಶಮೀಮ್ ಸ್ಕೂಲೂ ಹೋಯ್ತು. ನಾನು ಕಳ್ಸಲ್ಲ."

ಹಟದ ಮಾತಲ್ಲ ಅದು. ಮಗಳ ಪುಸ್ತಕಗಳಿಗೆ ತಾವೇ ಬ್ರೌನ್ ಪೇಪರ್ ಹಾಕುತ್ತಿದ್ದ ಮನುಷ್ಯ. ಅವಳು ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಹಳೆ ಬಿಡಿಭಾಗಗಳಿಂದಲೇ ಒಂದು ಲೇಡೀಸ್ ಸೈಕಲ್ ಕಟ್ಟಿಕೊಡುತ್ತೇನೆಂದು ಷಾಪಿನ ಮೂಲೆಯಲ್ಲಿ ಅದರ ಚೌಕಟ್ಟನ್ನು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಅಷ್ಟರಲ್ಲಿ ಶಮೀಮ್ ಶಾಲೆಯಿಂದ ಬಂದಳು. ಅವಳ ಪೆನ್ನು ಸದಾ ಸೋರುತ್ತಿತ್ತು. ಬಲಗೈಯ ಎರಡು ಬೆರಳು ವರ್ಷವಿಡೀ ನೀಲಿ. ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಚಾಚಾ, ಆ ಗೆರೆ ನೀವೇ ಎಳೆದ್ರಾ?"

ಯೋಚನೆ ಅವರದು, ಗೆರೆ ನನ್ನದು ಎಂಬ ನನ್ನ ವಿಭಜನೆ ಅಲ್ಲಿಗೆ ಮುಗಿಯಿತು. ನನಗೆ ನಾಚಿಕೆಯಾಯಿತು. ಗಾಳಿ ಅರ್ಧ ತುಂಬಿದ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಹೋದೆ.

ಮರುದಿನ ಇಂಜಿನಿಯರ್ ಸಾಹೇಬರ ಮುಂದೆ ಹೋಗಿ ನಿಂತೆ. ಕೆಟ್ಟವರಲ್ಲ ಅವರು, ಕಾಗದದಲ್ಲಿ ಇಲ್ಲದ್ದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ. ವಾಹನ ಗಣತಿಯ ಫಾರಂ ತೆಗೆದು ನನ್ನ ಕಡೆ ತಿರುಗಿಸಿದರು.

"ನೋಡಿ ಹಿರೇಮಠ್, ಬಸ್ಸಿದೆ, ಲಾರಿ ಇದೆ, ಕಾರಿದೆ. ನಡೆಯೋರು ಎಲ್ಲಿದಾರ್ರೀ? ಸೈಕಲ್ ಎಲ್ಲಿದೆ?"

ಕೊನೆಯಲ್ಲಿ 'ಇತರೆ' ಎಂದೊಂದು ಕಾಲಂ ಇತ್ತು. ಅದರಲ್ಲಿ ಒಂದು ಅಡ್ಡಗೆರೆ. ಆ ಅಡ್ಡಗೆರೆಯೊಳಗೆ ನಾನಿದ್ದೆ, ಶಮೀಮ್ ಇದ್ದಳು, ಬುಟ್ಟಿ ಸಮೇತ ಮುನಿಯಮ್ಮ ಇದ್ದಳು.

"ಸೋಮವಾರ ಮಧ್ಯಾಹ್ನ ಹಾಳೆ ಮೇಲಕ್ಕೆ ಹೋಗುತ್ತೆ. ಅಷ್ಟರೊಳಗೆ ಲೆಕ್ಕ ತಂದ್ಕೊಡಿ, ನೋಡೋಣ" ಎಂದರು. ಹೇಗೂ ತರುವುದಿಲ್ಲವೆಂದು ಅವರಿಗೆ ಖಾತ್ರಿಯಿತ್ತು. ನನಗೂ ಇತ್ತು.

ಶುಕ್ರವಾರ ಎಣಿಸುವುದೆಂದು ನಿಶ್ಚಯವಾಯಿತು. ನಾನು ಆಫೀಸಿಗೆ ಹೋಗಲೇಬೇಕು, ಶಾರದಾ ತನ್ನ ಅಕ್ಕನ ಮಗುವಿನ ನಾಮಕರಣಕ್ಕೆಂದು ಯಶವಂತಪುರಕ್ಕೆ ಹೋಗಿದ್ದಳು. ಹಾಗಾಗಿ ಎಣಿಸುವ ಕೆಲಸ ಮೆಹರುನ್ನೀಸಾ ಮತ್ತು ಮುನಿಯಮ್ಮನ ಪಾಲಿಗೆ ಬಂತು. ನಾನು ಬಹಳ ಶಾಸ್ತ್ರೀಯವಾಗಿ ಒಂದು ನೋಟ್‌ಬುಕ್ಕಿನಲ್ಲಿ ಚೌಕ ಹಾಕಿ, ಪೆನ್ಸಿಲ್ ಚೂಪು ಮಾಡಿ ಕೊಟ್ಟೆ. ಮುನಿಯಮ್ಮ ನೋಟ್‌ಬುಕ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನಗೇ ವಾಪಸು ಕೊಟ್ಟಳು.

"ಇದ್ರಾಗೆ ಗೀಚ್ತಾ ಕುಂತ್ರೆ ಓಗೋರ್ನ ನೋಡೋರ್ಯಾರು ಸ್ವಾಮಿ? ಕಣ್ಣು ರಸ್ತೆ ಮ್ಯಾಗಿರ್ಬೇಕು, ಕೈ ಬುಟ್ಟಿಯಾಗಿರ್ಬೇಕು."

ಅವಳ ಪದ್ಧತಿ ಸರಳವಾಗಿತ್ತು. ನಡೆಯುವವರಿಗೊಂದು ಅವರೆಕಾಳು, ಸೈಕಲ್ಲಿಗೊಂದು ಹುಣಸೆಬೀಜ. ಎರಡು ಮಡಕೆ. ಒಬ್ಬರು ಹೋದರೆ ಒಂದು ಕಾಳು ಒಳಗೆ. ಮಂಜಿನಲ್ಲಿ ಮೊದಲಿಗೆ ಬಂದವನು ಒಬ್ಬ ಗಾರೆ ಕೆಲಸದವನು. ಮುನಿಯಮ್ಮ ಮಡಕೆಗೆ ಕಾಳು ಹಾಕಿ, "ಲಾಭ" ಎಂದಳು. ಕಣದಲ್ಲಿ ರಾಗಿ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅವಳಿಗೆ ಅಳತೆ ಎಂದರೆ ಅದೇ, ರಾಗಿಯಾದರೇನು, ಜನರಾದರೇನು. ಗಾರೆಯವನು ಏನೂ ತಿಳಿಯದೆ ಒಮ್ಮೆ ತಿರುಗಿ ನೋಡಿ ಮುಂದೆ ಹೋದ.

ಸಂಜೆ ಬಂದು ನೋಡಿದರೆ ಒಂದೂವರೆ ಸೇರು ಪಾದಚಾರಿಗಳಾಗಿದ್ದರು. ನಾನು ಎರಡೂ ಮಡಕೆಗಳನ್ನು ಮೆರವಣಿಗೆಯ ಕಳಶದ ಹಾಗೆ ಎದೆಗವಚಿಕೊಂಡು ಮನೆಗೆ ತಂದು ಅಡುಗೆಮನೆಯ ನಾಗಂದಿಗೆಯ ಮೇಲಿಟ್ಟೆ. ಶನಿವಾರ ಸಂಜೆ ಹುಣಸೆಬೀಜಗಳನ್ನು ಎಣಿಸಿ ಬರೆದುಕೊಂಡೆ. ಅವರೆಕಾಳನ್ನು ಭಾನುವಾರ ಸಾವಕಾಶವಾಗಿ ಎಣಿಸಿ, ಒಳ್ಳೆಯ ಅಕ್ಷರದಲ್ಲಿ ಪಟ್ಟಿ ಮಾಡಿದರಾಯಿತು ಎಂದುಕೊಂಡೆ. ಒಳ್ಳೆಯ ಅಕ್ಷರದ ಚಟ ನನ್ನನ್ನು ಜೀವನದಲ್ಲಿ ಹಲವು ಸಲ ಹಾಳು ಮಾಡಿದೆ. ನಾನು ವಠಾರದವರಿಗೆ ನನ್ನ ಸಾಹಸ ವರ್ಣಿಸುತ್ತ ಹೊರಗೆ ಕೂತಿದ್ದಾಗ ಶಾರದಾ ಯಶವಂತಪುರದಿಂದ ಬಂದು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಬಿಸಿ ಬಿಸಿ ರೊಟ್ಟಿಯ ಜೊತೆ ಅವರೆಕಾಳಿನ ಸಾರು. ಗದಗಿನ ಖಾರ, ಬೆಂಗಳೂರಿನ ಕಾಳು. ಆ ರುಚಿಯನ್ನು ಈಗಲೂ ನೆನೆಯುತ್ತೇನೆ. ಎರಡು ಸಲ ಹಾಕಿಸಿಕೊಂಡು ಉಂಡೆ. ಒಂದು ಪಾತ್ರೆ ತುಂಬ ದಸ್ತಗೀರ್ ಸಾಬರ ಮನೆಗೂ ಹೋಯಿತು. ಹತ್ತು ಗಂಟೆಗೆ ಬುಟ್ಟಿ ಇಳಿಸಿ ಕೂತ ಮುನಿಯಮ್ಮನಿಗೂ ಒಂದು ಬಟ್ಟಲು ಕೊಟ್ಟದ್ದಾಯಿತು. ಆಮೇಲೆ ಶಾರದಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಹೊಗಳಿದಳು.

"ಮದುವ್ಯಾಗಿ ಇಷ್ಟು ವರ್ಷಕ್ಕ ಒಂದು ಚಂದ ಕೆಲಸ ಮಾಡೀರಿ ನೋಡ್ರಿ. ನಾ ಇಲ್ಲದಾಗ ಕುಂತು ಅಷ್ಟೂ ಕಾಳು ಸುಲದ್ ಇಟ್ಟೀರಲ್ಲ!"

ನನ್ನ ಕೈಯಲ್ಲಿದ್ದ ತಂಬಿಗೆ ಹಾಗೆಯೇ ನಿಂತಿತು. ಒಳಗೆ ಓಡಿ ನಾಗಂದಿಗೆ ನೋಡಿದೆ. ಮಡಕೆ ತೊಳೆದು ಬೋರಲು ಹಾಕಿತ್ತು. ಹೆಬ್ಬಾಳದ ಪಾದಚಾರಿಗಳನ್ನು ನಾವೆಲ್ಲ ಸೇರಿ ಉಂಡು, ಕೈ ತೊಳೆದುಕೊಂಡಿದ್ದೆವು.

ವಿಷಯ ತಿಳಿದ ಶಾರದಾ ಮೊದಲು ಬಾಯಿ ಮೇಲೆ ಕೈಯಿಟ್ಟುಕೊಂಡಳು, ಆಮೇಲೆ ಸೊಂಟದ ಮೇಲೆ. "ಹಸೀಕಾಳು, ಇಟ್ರ ಕೆಟ್ಟು ಹೋಗ್ತಾವು. ನನಗೇನು ಕನಸು ಬಿದ್ದಿತ್ತೇನು? ಮಂದೀನ ಮಡಿಕ್ಯಾಗ ತುಂಬಿಟ್ಟೀನಿ ಅಂತ ಹೆಂಡ್ತಿಗೆ ಒಂದು ಮಾತು ಹೇಳಬಾರದೇನ್ರಿ?" ಎಂದು ದಬಾಯಿಸಿದಳು. ಅವಳು ಹೇಳಿದ್ದು ಅಕ್ಷರಶಃ ಸರಿ. ಸುಲಿದಿಟ್ಟ ಅವರೆಕಾಳು ಕಂಡರೆ ಯಾವ ಗೃಹಿಣಿ ಅದನ್ನು ಅಂಕಿಅಂಶ ಎಂದುಕೊಳ್ಳುತ್ತಾಳೆ? ದಸ್ತಗೀರ್ ಸಾಬರು ಬಾಗಿಲಲ್ಲಿ ಖಾಲಿ ಪಾತ್ರೆ ಹಿಡಿದುಕೊಂಡು ನಿಂತಿದ್ದರು. ಅವರು ನಗಲಿಲ್ಲ. ಅವರ ಹಿಂದೆ ಶಮೀಮ್ ಇದ್ದಳು, ಅವಳೂ ನಗಲಿಲ್ಲ. ನನಗೆ ಅಳು ಬರುವಂತಾಯಿತು.

ಮುನಿಯಮ್ಮ ಒಬ್ಬಳೇ ಬಟ್ಟಲಿನ ತಳ ಬಳಿದು ಬಾಯಿಗಿಟ್ಟು, ಸಾವಕಾಶವಾಗಿ ನುಂಗಿ ಮಾತಾಡಿದಳು.

"ಅಯ್ಯೋ ಸಿವನೆ, ನಾನೂ ಉಂಡ್ಬುಟ್ನಲ್ಲ! ಓಗ್ಲಿ ಬುಡಿ. ಕಾಳು ತಾನೆ ಓಗಿದ್ದು, ಜನ ಓದ್ರಾ? ನಾಳೀಕೂ ಅದೇ ದಾರೀಲಿ ನಡೀತಾರೆ. ಇನ್ನೊಂದ್ ಕಿತ ಎಣಿಸಾನ, ಅದ್ಕೇನಂತೆ?"

ಆ ಮಾತಿಗೆ ಎದ್ದ ವಠಾರ ಸಂಜೆಯವರೆಗೆ ಕೂರಲಿಲ್ಲ. ಅಂದರೆ, ಕೂತೇ ಇತ್ತು. ಮುನಿಯಮ್ಮನ ಬುಟ್ಟಿಯ ಅವರೆಕಾಯಿಯಷ್ಟನ್ನೂ ಅಂಗಳದಲ್ಲಿ ಸುರಿದುಕೊಂಡು ಸುಲಿಯುತ್ತಿತ್ತು. ಶಾರದಾ ಪ್ರಾಯಶ್ಚಿತ್ತವೆಂಬಂತೆ ಎಲ್ಲರಿಗಿಂತ ವೇಗವಾಗಿ ಸುಲಿದಳು. ನಾನೂ ಕೂತೆ. ಬೆಳಿಗ್ಗೆ ಪುಕ್ಕಟೆಯಾಗಿ ಸಿಕ್ಕಿದ್ದ ಹೊಗಳಿಕೆಯನ್ನು ಸಂಜೆಯೊಳಗೆ ಬೆವರು ಸುರಿಸಿ ತೀರಿಸಿದೆ. ಉಗುರಿನ ಸಂದಿಯೆಲ್ಲ ಸೊಗಡು.

ಸೋಮವಾರ ಆರು ಗಂಟೆಗೆ ಹೊಂಗೆ ಮರದ ಕೆಳಗೆ ಹೋಗಿ ನೋಡಿದರೆ, ಸುದ್ದಿ ನಮಗಿಂತ ಮೊದಲೇ ರಸ್ತೆಯುದ್ದಕ್ಕೂ ನಡೆದುಹೋಗಿತ್ತು. ಹಾಲಿನವನು ಸೈಕಲ್ ನಿಲ್ಲಿಸಿ, "ಎಲ್ಲಿ, ನನ್ ಬೀಜ ಕೊಡಿ, ನಾನೇ ಹಾಕ್ತೀನಿ" ಎಂದ. ಹಿಂದಿನಿಂದ ಬಂದವರೂ ಹಾಗೆಯೇ ಕೈ ಚಾಚಿದರು. ಯಾರೂ ಹೇಳಿಕೊಟ್ಟದ್ದಲ್ಲ. ಒಬ್ಬೊಬ್ಬರೂ ಒಂದು ಕಾಳು ತೆಗೆದುಕೊಂಡು ತಮ್ಮ ಕೈಯಿಂದಲೇ ಮಡಕೆಗೆ ಹಾಕಿ ಮುಂದಕ್ಕೆ ಹೋದರು. ಗಾರೆ ಬಾಂಡ್ಲಿ ಹೊತ್ತ ಹೆಂಗಸೊಬ್ಬಳು ಸೊಂಟದ ಮೇಲಿದ್ದ ಕೂಸಿನ ಮುಷ್ಟಿಯಲ್ಲೊಂದು ಕಾಳಿಟ್ಟು ಹಾಕಿಸಿದಳು. ಕೂಸು ಬಿಡಲೊಲ್ಲದು, ಬಾಯಿಗಿಟ್ಟುಕೊಳ್ಳಲು ನೋಡಿತು. ಕಾಲೇಜಿನ ಮುದುಕ ಅಟೆಂಡರೊಬ್ಬರು, "ನಾನ್ ದಿನಾ ಎರಡ್ ಸಲ ಓಡಾಡ್ತೀನಿ ಕಣಮ್ಮ, ಎರಡು ಹಾಕ್ಲಾ?" ಎಂದರು. ಮುನಿಯಮ್ಮ ಅವರ ಕೈಯಿಂದ ಒಂದನ್ನು ಕಿತ್ತುಕೊಂಡಳು.

"ಓಗಾಗ ಒಂದು ಆಕಿ. ಬರೋದು ಬಂದಾಗ ನೋಡಾನ."

ಎಂಟೂವರೆಯ ಹೊತ್ತಿಗೆ ಶಾಲೆಯ ಹುಡುಗಿಯರ ಸಾಲು. ಆಗಲೇ ಯಲಹಂಕದ ಕಡೆಯಿಂದ ಬಂದ ಲಾರಿಯೊಂದು ಬಸ್ಸನ್ನು ಹಿಂದಿಕ್ಕುವ ಆತುರದಲ್ಲಿ ಡಾಂಬರು ಬಿಟ್ಟು ಮಣ್ಣಿಗಿಳಿಯಿತು. ಹಾರನ್ನು, ಧೂಳು. ಎಲ್ಲರೂ ಮರಗಳಿಗೆ ಬೆನ್ನು ಹಚ್ಚಿ ನಿಂತರು. ಲಾರಿ ಹೋದ ಮೇಲೆ ನೋಡಿದರೆ ದಸ್ತಗೀರ್ ಸಾಬರು ಶಮೀಮಳ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ನೋಡಿದ್ರಾ ಸಾಬ್, ನೋಡಿದ್ರಾ" ಎಂದಷ್ಟೇ ಹೇಳಿದರು. ಶಮೀಮ್ ಮೆಲ್ಲಗೆ ಕೈ ಬಿಡಿಸಿಕೊಂಡು, ಮಡಕೆಯ ಹತ್ತಿರ ಬಂದು ತನ್ನ ಕಾಳು ಹಾಕಿ, ಉಳಿದ ಹುಡುಗಿಯರ ಹಿಂದೆ ನಡೆದುಹೋದಳು.

ಶುಕ್ರವಾರ ಇಡೀ ದಿನಕ್ಕೆ ಆದದ್ದಕ್ಕಿಂತ ಹೆಚ್ಚು ಆ ಒಂದೇ ಬೆಳಿಗ್ಗೆ ಆಯಿತು. ಮೊದಲ ದಿನ ಎಣಿಸುವವರ ಕಣ್ತಪ್ಪಿ ಹೋದವರು ಎಷ್ಟು ಜನವಿದ್ದರೋ! ಮೇಲಾಗಿ ಶಾರದಾ ಮಡಕೆಯ ಪಕ್ಕದಿಂದ ಕದಲಿರಲಿಲ್ಲ; ಅಡುಗೆಯ ಉದ್ದೇಶದಿಂದ ಯಾರೂ ಹತ್ತಿರ ಸುಳಿಯಬಾರದೆಂದು ಅವಳ ಆಜ್ಞೆಯಾಗಿತ್ತು. ಹತ್ತು ಗಂಟೆಗೆ ಕಾಳನ್ನೆಲ್ಲ ಹಳೆಯ ಚರಂಡಿ ಯೋಜನೆಯ ಚೀಲಕ್ಕೆ ತುಂಬಿ, ಹುಣಸೆಬೀಜಗಳನ್ನು ಟಿಫಿನ್ ಡಬ್ಬಿಗೆ ಹಾಕಿ, ಕ್ಯಾರಿಯರಿಗೆ ಬಿಗಿದುಕೊಂಡು ಹೊರಟೆ. ಮೇಖ್ರಿ ಸರ್ಕಲ್ಲಿನವರೆಗೆ ಅಷ್ಟು ಹುಷಾರಾಗಿ ನಾನು ಎಂದೂ ಸೈಕಲ್ ತುಳಿದಿರಲಿಲ್ಲ. ಹಿಂದೆ ಅಷ್ಟು ಜನ ಕೂತಿದ್ದರಲ್ಲ!

ಆಫೀಸಿನಲ್ಲಿ ಹನ್ನೊಂದು ದಾಟಿತ್ತು. ಇಂಜಿನಿಯರ್ ಸಾಹೇಬರ ಮುಂದೆ, ಅದೇ ಹಾಳೆಯ ಮೇಲೆ, ಚೀಲ ಬೋರಲು ಹಾಕಿದೆ. ಕಾಳು ಬಳ್ಳಾರಿ ರಸ್ತೆಯುದ್ದಕ್ಕೂ ಉರುಳಿ ನಿಂತಿತು.

"ಏನ್ರೀ ಇದು, ಆಫೀಸ್‌ನ ತರಕಾರಿ ಮಾರ್ಕೆಟ್ ಮಾಡ್ಬಿಟ್ರಾ?"

"ಲೆಕ್ಕ ಕೇಳಿದ್ರಲ್ಲ ಸಾರ್, ತಂದಿದೀನಿ. ಇವರು ನಡೆಯೋರು. ಡಬ್ಬೀಲಿರೋದು ಸೈಕಲ್."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನೂ ನೋಡಿಕೊಂಡೆ. ಆತುರದಲ್ಲಿ ಬಲಗಾಲಿನ ಕ್ಲಿಪ್ಪು ತೆಗೆಯುವುದನ್ನೇ ಮರೆತಿದ್ದೆ. ಒಂದು ಕಾಲು ಲಂಗ, ಒಂದು ಕಾಲು ಪೈಜಾಮ. ಬೇರೆ ದಿನವಾಗಿದ್ದರೆ ನೆಲ ಬಾಯಿ ಬಿಡಲಿ ಎಂದುಕೊಳ್ಳುತ್ತಿದ್ದೆ. ಅಂದು ಹಾಗೆಯೇ ನಿಂತೆ.

ಉಳಿದ ಟ್ರೇಸರುಗಳು ಒಬ್ಬೊಬ್ಬರಾಗಿ ಎದ್ದು ಬಂದರು. ಟೀ-ಸ್ಕ್ವೇರ್ ಪಟ್ಟಿಯಿಂದ ಕಾಳುಗಳನ್ನು ದೂಡಿ ಹತ್ತರ ಗುಪ್ಪೆ ಮಾಡತೊಡಗಿದರು. ಸಾಹೇಬರು ಕುರ್ಚಿ ಎಳೆದುಕೊಂಡು ತಾವೂ ಎಣಿಸಲು ಕೂತರು. ಗುಪ್ಪೆಗಳು ಹಾಳೆಯ ತುದಿ ಮುಟ್ಟಿ ಪಕ್ಕದ ಮೇಜಿಗೆ ಹೋದವು. ಒಂದು ಕಾಳನ್ನು ಅವರು ಬೆರಳ ತುದಿಯಲ್ಲಿ ಎತ್ತಿ ಹಿಡಿದರು.

"ಇದ್ಯಾಕ್ರೀ ನೀಲಿ?"

ಬೆಂಗಳೂರಿನ ಮಾತೆಲ್ಲ ಮರೆತುಹೋಗಿ ಗದಗಿನದೇ ಬಂತು.

"ಅದು ಶಮೀಮ್‌ರೀ ಸಾಹೇಬ್ರ. ನಮ್ಮ ಬಾಜೂ ಮನಿ ಹುಡುಗಿ. ಆಕಿ ಪೆನ್ನು ಸೋರ್ತದ. ಒಂಬತ್ತನೇ ಇಯತ್ತೆ, ಲೆಕ್ಕದಾಗ ಭಾಳ ಶಾಣ್ಯಾ. ಈ ಗೆರಿ ಹಿಂಗ ಹೋತಂದ್ರ ಆಕಿ ಸಾಲಿ ಬಿಡ್ತಾಳ್ರಿ. ಗೆರಿ ಎಳದಾಂವ ನಾನು."

ಸಾಹೇಬರು ಆ ಕಾಳನ್ನು ಗುಪ್ಪೆಗೆ ಸೇರಿಸಲಿಲ್ಲ. ನಕ್ಷೆಯಲ್ಲಿ ಮರದ ಗುರುತಿದ್ದ ಕಡೆ, ನನ್ನ ಗೆರೆಯ ಮಗ್ಗುಲಿಗೆ ಇಟ್ಟರು. ಗೆರೆಗೂ ಮರಕ್ಕೂ ನಡುವೆ ಅದು ಹಿಡಿಸಲಿಲ್ಲ.

"ಎಲ್ಲಾ ಸರಿ. ಇದನ್ನ ಬರೆಯೋಕೆ ಫಾರಂನಲ್ಲಿ ಕಾಲಂ ಎಲ್ಲಿದೇರೀ?" ಎಂದರು ಕೊನೆಗೆ.

"ಕಾಲಂ ಎಳೆಯೋದೇ ನನ್ ಕೆಲಸ ಸಾರ್" ಎಂದೆ. ಅಲ್ಲಿಯೇ ಪೆನ್ನು ತೆಗೆದು 'ಇತರೆ'ಯನ್ನು ಸೀಳಿ ಎರಡು ನೇರ ಗೆರೆ ಎಳೆದೆ. ಒಂದರ ಮೇಲೆ 'ಪಾದಚಾರಿ' ಎಂದೂ ಇನ್ನೊಂದರ ಮೇಲೆ 'ಸೈಕಲ್' ಎಂದೂ ಬರೆದೆ. ನನ್ನ ಒಳ್ಳೆಯ ಅಕ್ಷರ ಆ ಒಂದು ಸಲ ಉಪಯೋಗಕ್ಕೆ ಬಂತು.

ಹಾಳೆ ಅಂದು ಮೇಲಕ್ಕೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಸಾಹೇಬರು ಮಫ್ಲರ್ ಸುತ್ತಿಕೊಂಡು, ಇಬ್ಬರು ಗುಮಾಸ್ತರೊಂದಿಗೆ ಹೊಂಗೆ ಮರದ ಕೆಳಗೆ ಬಂದು ನಿಂತರು. ನಮ್ಮ ಲೆಕ್ಕವನ್ನು ಮೇಲಿನವರು ಒಪ್ಪಬೇಕಾದರೆ ಕಚೇರಿಯೇ ಎಣಿಸಬೇಕು ಎಂದರು. ಗುಮಾಸ್ತರ ಕೈಯಲ್ಲಿ ನೋಟ್‌ಬುಕ್ಕು, ಚೂಪು ಮಾಡಿದ ಪೆನ್ಸಿಲ್ಲು. ಗಾರೆ ಕೆಲಸದ ಹೆಂಗಸರು, ಹಾಲಿನವರು, ಶಾಲೆಯ ಹುಡುಗಿಯರು ಒಟ್ಟಿಗೆ ಬಂದ ಹೊತ್ತಿನಲ್ಲಿ ಒಬ್ಬ ಗುಮಾಸ್ತ, "ಸಾರ್, ತಪ್ಪೋಯ್ತು" ಎಂದ. ಇನ್ನೊಬ್ಬನೂ ಅದನ್ನೇ ಎಂದ. ಸಾಹೇಬರು ಆ ಕಡೆ ಈ ಕಡೆ ನೋಡಿ, ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುನಿಯಮ್ಮನ ಮುಂದೆ ಕೈ ಚಾಚಿದರು.

"ಒಂದಿಷ್ಟು ಕಾಳು ಕೊಡಮ್ಮ."

ಆ ಕ್ಷಣವನ್ನು ನಾನು ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಮುನಿಯಮ್ಮನ ಬೆನ್ನು ಇನ್ನಷ್ಟು ನೆಟ್ಟಗಾಗುತ್ತದೆ, ಸಾಹೇಬರ ಕೈ ಇನ್ನಷ್ಟು ಕೆಳಕ್ಕೆ ಬರುತ್ತದೆ. ಆದರೆ ಕೇಳಿದ್ದು ಮಾತ್ರ ನಿಜ.

ಹೊಸ ಹಾಳೆ ಬಂತು. ಅದರಲ್ಲಿ ಡಾಂಬರಿನ ಅಂಚು ಮರಗಳಿಂದ ದೂರ ಸರಿದಿತ್ತು. ಅಂಚಿಗೆ ಉದ್ದಕ್ಕೂ ಕಲ್ಲಿನ ಸಾಲು, ಕಲ್ಲುಗಳ ಈಚೆ ಸೈಕಲ್ಲಿಗೊಂದು ಪಟ್ಟಿ, ಅದರ ಪಕ್ಕದಲ್ಲಿ ನಡೆಯುವವರಿಗೊಂದು ಪಟ್ಟಿ. ನಮ್ಮ ತಿರುವಿನಿಂದ ಹೆಬ್ಬಾಳದ ಶಾಲೆಯವರೆಗೆ, ಅಷ್ಟೇ. ಇಡೀ ಬೆಂಗಳೂರಿನ ನಕ್ಷೆಯಲ್ಲಿ ಹುಡುಕಿದರೆ ಉಗುರಿನಷ್ಟು ಉದ್ದವೂ ಇರಲಿಲ್ಲ. ಅದನ್ನು ಎಳೆಯಲು ನಾನು ಒಂದು ಇಡೀ ದಿನ ತೆಗೆದುಕೊಂಡೆ. ರದ್ದಾದ ಹಳೆ ಹಾಳೆಯನ್ನು ಮನೆಗೆ ತಂದೆ. ಶಾರದಾ ಅದನ್ನು ಬಿಸಿನೀರಿಗೆ ಹಾಕಿ, ನನ್ನ ಆ ಗೆರೆ ಹೋಗುವವರೆಗೆ ಉಜ್ಜಿ, ನಾಲ್ಕು ಕರವಸ್ತ್ರ ಹೊಲಿದು ಶಮೀಮಳಿಗೆ ಕೊಟ್ಟಳು, ಪೆನ್ನು ಒರೆಸಿಕೊಳ್ಳಲು.

ಕಲ್ಲು ಹಾಕಿ ಮುಗಿಯುವಷ್ಟರಲ್ಲಿ ಬೇಸಿಗೆ ರಜೆಯೂ ಮುಗಿದಿತ್ತು. ಶಾಲೆ ಶುರುವಾಗುವ ದಿನ ಬೆಳಿಗ್ಗೆ ಕೆಲಸದವರು ದಾರಿಗೆ ಅಡ್ಡ ಇಟ್ಟಿದ್ದ ಡ್ರಮ್ಮುಗಳನ್ನು ಉರುಳಿಸಿಕೊಂಡು ಹೋದರು. ರಿಬ್ಬನ್ನಿಲ್ಲ, ಭಾಷಣವಿಲ್ಲ. ವಠಾರವೆಲ್ಲ ಹೊಂಗೆ ಮರದ ಕೆಳಗಿತ್ತು. ದಸ್ತಗೀರ್ ಸಾಬರು ಗೋಣಿಚೀಲ ಬಿಚ್ಚಿ ಸೈಕಲ್ ಹೊರತಂದರು. ಹಸಿರು ಬಣ್ಣ, ಹ್ಯಾಂಡಲ್ಲಿಗೆ ಹೊಸ ಬೆಲ್ಲು. ಬ್ರೇಕನ್ನು ಒತ್ತಿ ನೋಡಿದರು, ಮತ್ತೆ ಒತ್ತಿ ನೋಡಿದರು. "ಅಬ್ಬಾ, ಛೋಡೋ ಜೀ!" ಎಂದು ಶಮೀಮ್ ಗದರಿದ ಮೇಲೆ ಸೀಟು ಬಿಟ್ಟರು.

ಮೊದಲು ಸ್ವಲ್ಪ ತೂರಾಡಿದಳು. ಆಮೇಲೆ ಜಡೆಗಳೆರಡೂ ಬೆನ್ನಿನ ಮೇಲೆ ನೆಟ್ಟಗೆ ನಿಂತವು. ಕಲ್ಲಿನ ಸಾಲಿನ ಆಚೆ ಲಾರಿಯೊಂದು ಹಾರನ್ ಹೊಡೆಯುತ್ತ ಹೋಯಿತು. ಈಚೆ ಅವಳು ತಿರುಗಿಯೂ ನೋಡಲಿಲ್ಲ, ಹೋಗುತ್ತಲೇ ಇದ್ದಳು. ದಸ್ತಗೀರ್ ಸಾಬರು ಮುಖಕ್ಕೆ ಎಣ್ಣೆ ಬಟ್ಟೆ ಒತ್ತಿಕೊಂಡು ನಿಂತಿದ್ದರು. ಮುನಿಯಮ್ಮ ಬುಟ್ಟಿಯೊಳಗಿನಿಂದ ಒಂದು ಹುಣಸೆಬೀಜ ತೆಗೆದು ಅಂಗೈ ಮೇಲಿಟ್ಟುಕೊಂಡು, ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದಳು.

"ಲಾಭ!"

ದೂರದಿಂದ ಬೆಲ್ಲು ಕೇಳಿಸಿತು. ನಾನು ಬಗ್ಗಿ ಕಾಲಿಗೆ ಕ್ಲಿಪ್ಪು ಹಾಕಿಕೊಂಡು, ಎರಡು ಎನ್ನಿಸಿಕೊಳ್ಳಲು ಸೈಕಲ್ ಹತ್ತಿದೆ.